ಅಕ್ಕ ಕೇಳಿದ ತೆರ

ನಾನು ನೆಟ್ಟಗೆ ನಿಲ್ಲುವುದಿಲ್ಲ ಎಂಬ ಸಂಗತಿಯನ್ನು ಕಂಡುಹಿಡಿದವಳು ವಿನೋಬನಗರದಲ್ಲಿ ಬಟ್ಟೆ ಹೊಲಿಯುವ ಒಬ್ಬ ಹುಡುಗಿ. ಲಂಗಕ್ಕೆ ಅಳತೆ ಕೊಡಲು ಹೋಗಿದ್ದೆ. ಟೇಪನ್ನು ಸೊಂಟದಿಂದ ಕಾಲಿಗೆ ಇಳಿಬಿಟ್ಟು ನೋಡಿದಳು, ಆ ಕಡೆ ಹೋಗಿ ನೋಡಿದಳು, ಮತ್ತೆ ಈ ಕಡೆಗೆ ಬಂದಳು.

"ಅಜ್ಜೀ, ನಿಮ್ ಎಡಗಡೆ ಸೊಂಟ ಒಂಚೂರು ಮೇಲಿದೆ. ಯಾವಾಗಾದ್ರೂ ಬಿದ್ದಿದ್ರಾ?"

"ಬಿದ್ದಿಲ್ಲ ಮಾರಾಯ್ತಿ, ಹೊತ್ತಿದೀನಿ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಒಂದು ಕಡೆ ಸ್ವಲ್ಪ ಉದ್ದ ಬಿಟ್ಟು ಹೊಲಿದುಕೊಟ್ಟಳು. ಆದರೆ ಅಂದಿನಿಂದ ನನ್ನನ್ನು ನಾನೇ ಗಮನಿಸತೊಡಗಿದೆ. ನಿಜವೇ, ಕೈಗೆ ಏನು ಕೊಟ್ಟರೂ ಅದು ನನ್ನ ಎಡ ಸೊಂಟಕ್ಕೆ ಹೋಗಿ ಕೂರುತ್ತದೆ. ತರಕಾರಿ ಚೀಲ, ಇಸ್ತ್ರಿಗೆ ಕೊಡುವ ಬಟ್ಟೆಯ ಗಂಟು, ಪಕ್ಕದ ಮನೆಯವರು ಕೊಟ್ಟ ಹಲಸಿನಹಣ್ಣು. ಆ ಹಲಸಿನಹಣ್ಣಿನ ಬೆನ್ನು ತಟ್ಟುತ್ತಾ ನಾನು ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದೆನಂತೆ. ಮೊಮ್ಮಗಳು ಇವತ್ತಿಗೂ ಅದನ್ನು ಬಂದವರಿಗೆಲ್ಲ ಅಭಿನಯಿಸಿ ತೋರಿಸುತ್ತಾಳೆ. ತೋರಿಸಲಿ ಬಿಡಿ. ಹಲಸಿನ ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ ಎಂದರೆ ಆ ಸೊಂಟಕ್ಕೆ ಎಂಥ ಅಭ್ಯಾಸ ಇದ್ದಿರಬೇಕು!

ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳ ಎಡ ಸೊಂಟ ಖಾಲಿ ಇರುತ್ತಿರಲಿಲ್ಲ. ಬಲಗೈ ಕೆಲಸಕ್ಕೆ, ಎಡ ಸೊಂಟ ತಮ್ಮಂದಿರಿಗೆ, ತಂಗಿಯರಿಗೆ. ನನ್ನದಾದರೂ ಒಂಚೂರು ಓರೆ. ನಮ್ಮ ಗೌರಕ್ಕನದನ್ನು ನೀವು ನೋಡಬೇಕಿತ್ತು. ಅವಳು ದೂರದಿಂದ ನಡೆದು ಬರುತ್ತಿದ್ದರೆ ಸೊಂಟದಲ್ಲಿ ಮಗು ಇಲ್ಲದಿದ್ದರೂ ಇದ್ದಂತೆಯೇ ಕಾಣುತ್ತಿತ್ತು.

ಇದೆಲ್ಲ ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲದ ಮಾತು. ನಾವು ಭದ್ರಾವತಿಯಲ್ಲಿದ್ದೆವು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಹೊಳೆಹೊನ್ನೂರಿನ ಕಡೆ ಗದ್ದೆ ಉಳುತ್ತಿದ್ದ ನಮ್ಮ ಮನೆತನದಲ್ಲಿ ತಿಂಗಳ ಸಂಬಳಕ್ಕೆ ಸೇರಿದ ಮೊದಲನೆಯವನು ಅವನೇ. ಹಾಗಾಗಿ ಊರಿನಲ್ಲಿ ಅವನಿಗೆ ಬಹಳ ಮರ್ಯಾದೆ, ಮನೆಯಲ್ಲಿ ಅಷ್ಟಿಲ್ಲ. ಮನೆಯಲ್ಲಿ ಮರ್ಯಾದೆಯೆಲ್ಲ ಅವನ ತಾಯಿಗೆ, ಅಂದರೆ ನಮ್ಮ ಅಜ್ಜಿಗೆ. ಅಜ್ಜ ತೀರಿಕೊಂಡ ಮೇಲೆ ಅವಳು ಒಂದು ಹಿತ್ತಾಳೆಯ ಹಂಡೆ, ಒಂದು ಕೊಡಲಿ, ಜೊತೆಗೆ ತನ್ನ ಅಭಿಪ್ರಾಯಗಳನ್ನೆಲ್ಲ ಗಾಡಿಗೆ ಹೇರಿಸಿಕೊಂಡು ಬಂದು ನಮ್ಮಲ್ಲೇ ನೆಲೆಸಿದ್ದಳು.

ನಮ್ಮದು ಕಾರ್ಖಾನೆಯ ಸಾಲುಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಮೊಣಕಾಲೆತ್ತರದ ಜಗುಲಿ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಗೋಡೆಯ ಆಚೆ ತಮಿಳುನಾಡಿನ ಕಡೆಯಿಂದ ಬಂದ ಕಣ್ಣಮ್ಮನ ಸಂಸಾರ. ಕಾರ್ಖಾನೆಯ ಹೊಗೆ, ಕೆಂಪು ದೂಳು ಎಷ್ಟೆಂದರೆ ಬೆಳಿಗ್ಗೆ ಒಗೆದು ಹರವಿದ ಅಪ್ಪನ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. ಅದನ್ನುಟ್ಟು ಜಗುಲಿಯ ಮೇಲೆ ಕೂತರೆ ಅಪ್ಪ ಯಾವುದೋ ಮಠದ ಸನ್ಯಾಸಿಯಂತೆ ಕಾಣುತ್ತಿದ್ದ. ಸನ್ಯಾಸಿ ಅಲ್ಲ ಎಂಬುದಕ್ಕೆ ನಾವು ಸಾಲಾಗಿ ಪಕ್ಕದಲ್ಲೇ ಕೂತಿರುತ್ತಿದ್ದೆವು.

ಹೌದು, ಸಾಲು ಉದ್ದವಿತ್ತು. ಗೌರಕ್ಕ ಮೊದಲನೆಯವಳು, ನಾನು ಮಧ್ಯದಲ್ಲೆಲ್ಲೋ ಒಬ್ಬಳು, ನನ್ನ ಕೆಳಗೆ ಇನ್ನಷ್ಟು, ಕೊನೆಗೆ ತೊಟ್ಟಿಲಲ್ಲಿ ಶಂಕ್ರ. ನಡುವೆ ಉಳಿಯದೆ ಹೋದವೂ ಇದ್ದವು. ಅವುಗಳ ಹೆಸರು ಅಮ್ಮನ ಬಾಯಲ್ಲಿ ಯಾವತ್ತೂ ಬರುತ್ತಿರಲಿಲ್ಲ.

ಅಜ್ಜಿಗೆ ಮಾತ್ರ ಇದರಲ್ಲಿ ಹೆಚ್ಚೇನೂ ಕಾಣುತ್ತಿರಲಿಲ್ಲ. ಅವಳ ಲೆಕ್ಕ ಹೊಳೆಹೊನ್ನೂರಿನದು. ಅಲ್ಲಿ ಮಗು ನಡೆಯಲು ಕಲಿತ ಕೂಡಲೇ ಕೋಳಿ ಕಾಯುತ್ತದೆ, ಸ್ವಲ್ಪ ಬೆಳೆದರೆ ಕರು ಮೇಯಿಸುತ್ತದೆ, ಇನ್ನೂ ಬೆಳೆದರೆ ಕಳೆ ಕೀಳುತ್ತದೆ. ಮಕ್ಕಳು ಹೆಚ್ಚಾದರೆ ಆಳಿನ ಕೂಲಿ ಉಳಿಯುತ್ತದೆ. ಭದ್ರಾವತಿಯ ಸಾಲುಮನೆಯಲ್ಲಿ ಕರುವೂ ಇಲ್ಲ, ಕಳೆಯೂ ಇಲ್ಲ. ಇಲ್ಲಿ ಮಕ್ಕಳಿಗಿದ್ದದ್ದು ಒಂದೇ ಕೆಲಸ, ತಮಗಿಂತ ಸಣ್ಣ ಮಕ್ಕಳನ್ನು ಎತ್ತಿಕೊಳ್ಳುವುದು. ಅಂದರೆ ಪ್ರತಿಯೊಂದು ಮಗುವೂ ಹುಟ್ಟುವಾಗಲೇ ತನ್ನ ಅಕ್ಕನಿಗೊಂದು ಕೆಲಸ ಕೊಟ್ಟು ಹುಟ್ಟುತ್ತಿತ್ತು. ಅಜ್ಜಿಯ ಲೆಕ್ಕ ಎಲ್ಲಿ ತಪ್ಪಿತು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅವಳ ಎದುರು ಹೇಳುವ ಧೈರ್ಯ ಯಾರಿಗಿತ್ತು?

ಗೌರಕ್ಕ ಮೂರನೇ ಕ್ಲಾಸಿನ ಮಧ್ಯದಲ್ಲಿ ಒಂದು ಮಗು ಹುಟ್ಟಿತೆಂದು ಶಾಲೆ ಬಿಟ್ಟಳು. ಆ ಮಗು ಅವಳ ಸೊಂಟದಿಂದ ಇಳಿಯುವ ಹೊತ್ತಿಗೆ ಇನ್ನೊಂದು ಹತ್ತಿತು. ಹೀಗೇ ಅವಳಿಗೆ ಹದಿನೇಳು ತುಂಬಿತು. ಆ ಕಾಲಕ್ಕೆ ಅದು ಮದುವೆಯ ವಯಸ್ಸಲ್ಲ, ಮದುವೆ ಮೀರಿದ ವಯಸ್ಸು. ಬೆಳಿಗ್ಗೆ ಕಾರ್ಖಾನೆಯ ಮೊದಲ ಕೂಗಿಗೆ ಎದ್ದು ಒಲೆ ಹಚ್ಚಿದರೆ, ನೀರು ಸೇದುವುದು, ರಾಗಿ ಬೀಸುವುದು, ಬಾಣಂತಿ ಅಮ್ಮನಿಗೆ ಬಿಸಿನೀರು, ಮಗುವಿಗೆ ಎಣ್ಣೆ, ಎಲ್ಲ ಅವಳದೇ. ಅಷ್ಟು ಮಾಡಿಯೂ ಅವಳು ಸಿಡುಕಿದ್ದನ್ನು ನಾನು ಕಂಡಿಲ್ಲ. ಸಿಡುಕಲು ಪುರಸೊತ್ತು ಬೇಕಲ್ಲ.

ಅವಳಿಗೆ ಸಂಬಂಧಗಳು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದವು. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಬರುತ್ತಿದ್ದವು. ಕಷ್ಟವೇನೆಂದರೆ ಅಮ್ಮ ಹೆರುತ್ತಿದ್ದುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಗಂಡಿನ ಕಡೆಯವರು ಮುಂಬಾಗಿಲಿನಿಂದ ಬರುವಾಗ ಸೂಲಗಿತ್ತಿ ಹಿಂಬಾಗಿಲಿನಿಂದ ಬರುತ್ತಿದ್ದಳು. ಆಗ ಅಜ್ಜಿ, "ಇದೊಂದು ಬಾಣಂತನ ಮುಗೀಲಿ, ಆಮೇಲೆ ನೋಡೋಣ," ಎನ್ನುತ್ತಿದ್ದಳು. ಬಂದವರಿಗೆ ಜಾತಕ ಕೂಡಲಿಲ್ಲ ಎಂದು ಹೇಳಿ ಕಾಫಿ ಕುಡಿಸಿ ಕಳಿಸುತ್ತಿದ್ದರು. ಪಾಪ, ಆಕಾಶದ ಗ್ರಹಗಳು ಸುಮ್ಮಸುಮ್ಮನೆ ಬೈಗುಳ ತಿಂದವು. ಕೂಡದೆ ಇದ್ದದ್ದು ಅಕ್ಕನ ಮದುವೆ, ಅಮ್ಮನ ಬಸಿರು ಇವೆರಡೇ.

ಇಲ್ಲಿ ನನ್ನ ಮಾತನ್ನೂ ಒಂದಿಷ್ಟು ಹೇಳಿಕೊಳ್ಳಬೇಕು. ಆ ಗ್ರಹಗಳಿಗೆ ನಾನು ದಿನವೂ ಕೈಮುಗಿಯುತ್ತಿದ್ದೆ. ಯಾಕೆಂದರೆ ಅಕ್ಕ ಹೋದರೆ ಆ ಜಾಗಕ್ಕೆ ಬರುವವಳು ನಾನು. ನಾನು ಆಗ ಐದನೆಯ ಕ್ಲಾಸು, ಓದಿನಲ್ಲಿ ಚುರುಕು ಎಂದು ಮೇಷ್ಟ್ರು ಹೇಳಿದ್ದರು, ಮಿಡ್ಲ್ ಸ್ಕೂಲಿಗೆ ಹೋಗುವ ಆಸೆ ಬಹಳವಿತ್ತು. ನಮ್ಮ ಬೀದಿಯ ತುದಿಯ ಅರಳಿಮರಕ್ಕೆ ಒಂದು ತೆಂಗಿನಕಾಯಿ ಹರಕೆ ಹೊತ್ತಿದ್ದೆ, ಅಕ್ಕನ ಮದುವೆ ಆಗದೆ ಇರಲಿ ಎಂದು. ದೇವರು ನನ್ನ ಆ ಹರಕೆಯನ್ನು ಕೇಳಿಸಿಕೊಳ್ಳಲಿಲ್ಲ, ಒಂದು ತೆಂಗಿನಕಾಯಿ ಉಳಿಯಿತು.

ಆ ವರ್ಷ ಶಿವಮೊಗ್ಗದಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ತಂದೆ ಇಲ್ಲ. ತಾಯಿ ನಿಂಗಮ್ಮನಿಗೆ ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಹೆಣ್ಣುಮಕ್ಕಳಿಲ್ಲದ ಮನೆ. ಹಾಗಾಗಿ ಅವರಿಗೆ ಅವಸರವಿತ್ತು. ಆ ಹೊತ್ತಿಗೆ ಶಂಕ್ರ ಹುಟ್ಟಿ ಕೆಲವು ತಿಂಗಳಾಗಿತ್ತು, ಅಮ್ಮ ಬಾಣಂತನ ಮುಗಿಸಿ ಎದ್ದಿದ್ದಳು. ಅಕ್ಕನಿಗೆ ಇಂಥ ಬಿಡುವು ಮತ್ತೆ ಸಿಗುವಂತಿರಲಿಲ್ಲ. ಈ ಸಲ ತಪ್ಪಿದರೆ ಅವಳು ಈ ಮನೆಯಲ್ಲೇ ಮುದುಕಿಯಾಗುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇನ್ನು ಕೊಡುವ ತರುವ ಮಾತು. ಈಗಿನವರಿಗೆ ವರದಕ್ಷಿಣೆ ಗೊತ್ತು, ತೆರ ಗೊತ್ತಿಲ್ಲ. ನಮ್ಮಂಥ ಬೇಸಾಯದ ಮನೆಗಳಲ್ಲಿ ಹಿಂದೆ ಗಂಡಿನ ಕಡೆಯವರೇ ಹೆಣ್ಣಿನ ತಂದೆಗೆ ತೆರ ಎಂದು ಹಣ ಕೊಡುತ್ತಿದ್ದರು. ನೆಟ್ಟಿಗೆ, ಕೊಯ್ಲಿಗೆ ಒದಗುತ್ತಿದ್ದ ಎರಡು ಕೈ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವಲ್ಲ, ಅದಕ್ಕೆ. ಪೇಟೆಯ ಸಂಬಳದವರಲ್ಲಿ ಇದು ಉಲ್ಟಾ. ಅಲ್ಲಿ ಹೆಣ್ಣಿನ ತಂದೆಯೇ ಹುಡುಗನಿಗೆ ಕೊಡಬೇಕು. ನಮ್ಮ ಅಪ್ಪ ಹೊಳೆಹೊನ್ನೂರು ಬಿಟ್ಟು ಪೇಟೆಯವನಾಗಿದ್ದ, ಆದರೆ ಪೂರ್ತಿ ಆಗಿರಲಿಲ್ಲ. ಗಂಡಿನವರು ಬರುವ ಹಿಂದಿನ ದಿನ ಅಜ್ಜಿಗೂ ಅವನಿಗೂ ಒಂದು ಸುತ್ತು ಆಯಿತು.

"ಅವ್ವಾ, ಶಿವಮೊಗ್ಗದಲ್ಲಿ ಈಗ ಹಂಗಿಲ್ಲ. ಸಂಬಳದ ಹುಡುಗ. ನಾವೇ ಕೊಡಬೇಕು ಅಂತಾರೆ."

"ಹೆಣ್ಣೂ ಕೊಟ್ಟು ದುಡ್ಡೂ ಕೊಡೋದಾ? ಚೆನ್ನಾಗಿದೆ! ನನ್ನನ್ನ ಕರ್ಕೊಂಡು ಬರೋವಾಗ ನಿಮ್ಮಜ್ಜ ನನ್ನಪ್ಪನಿಗೆ ತೆರ ಎಣಿಸಿ ಕೊಟ್ಟ ಕಣೋ ರುದ್ರಾ. ನಾನೇನು ಬಿಟ್ಟಿ ಬಂದೋಳಲ್ಲ."

"ಅದು ಊರಲ್ಲಿ ಅವ್ವಾ. ಅಲ್ಲಿ ಗದ್ದೆ ಕೆಲಸ ಇತ್ತು."

"ಓಹೋ. ಹಂಗಾದ್ರೆ ಹೊಳೆಹೊನ್ನೂರಿಂದ ಭದ್ರಾವತಿಗೆ ಬರೋ ಅಷ್ಟರಲ್ಲಿ ನಮ್ ಹುಡುಗಿ ಕೈ ಸವೆದು ಹೋದ್ವಾ?"

ಅಪ್ಪ ಎದ್ದು ಹೊರಗೆ ಹೋದ. ಆ ಪ್ರಶ್ನೆಗೆ ಉತ್ತರವನ್ನು ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ. ಗದ್ದೆಯಲ್ಲಿ ಸಸಿ ನೆಟ್ಟರೆ ಅದು ಕೆಲಸ, ಒಲೆಯ ಮುಂದೆ ಬೆಂದರೆ ಅದು ಸಂಸಾರ. ಯಾರು ಹೀಗೆ ವಿಂಗಡಿಸಿದರೋ ಅವರು ಖಂಡಿತ ಒಂದು ದಿನವೂ ರಾಗಿ ಬೀಸಿರಲಾರರು.

ಮಾರನೆಯ ದಿನ ಬೆಳಗಿನ ರೈಲಿಗೆ ಅವರು ಬಂದರು. ಹುಡುಗ, ಹುಡುಗನ ಸೋದರಮಾವ, ಮಾವನ ಹೆಗಲಿಗೆ ಕೈ ಊರಿಕೊಂಡು ನಿಂಗಮ್ಮ. ಹುಡುಗ ನೋಡಲು ಚೆನ್ನಾಗಿದ್ದ, ಆದರೆ ಬಂದಾಗಿನಿಂದ ನೆಲ ನೋಡುತ್ತಿದ್ದ. ಅಕ್ಕ ಕಾಫಿ ತಂದಾಗ ಒಮ್ಮೆ ತಲೆಯೆತ್ತಿದ. ಅಷ್ಟರಲ್ಲಿ ಒಳಗೆ ಶಂಕ್ರ ಕಿರುಚಿದ, ಅಕ್ಕ ಲೋಟಗಳನ್ನು ಇಟ್ಟವಳೇ ಓಡಿಹೋಗಿ ಅವನನ್ನು ಸೊಂಟಕ್ಕೇರಿಸಿಕೊಂಡು ಉಪ್ಪಿಟ್ಟಿನ ತಟ್ಟೆಯೊಂದಿಗೆ ಮತ್ತೆ ಬಂದಳು. ಹೆಣ್ಣು ನೋಡಲು ಬಂದವರ ಮುಂದೆ ಮಗು ಎತ್ತಿಕೊಂಡು ನಿಂತ ಹೆಣ್ಣು ನಮ್ಮ ಅಕ್ಕ ಒಬ್ಬಳೇ ಇರಬೇಕು. ಹುಡುಗ ಮಗುವನ್ನು ನೋಡಿ ನಕ್ಕ. ಶಂಕ್ರ ಅವನ ಕರಿ ಟೋಪಿಗೆ ಕೈಹಾಕಿದ. ಒಪ್ಪಿಗೆಯಾದದ್ದು ಆ ಟೋಪಿಯಿಂದಲೇ ಎಂದು ಭಾವ ಆಮೇಲೆ ಹೇಳುತ್ತಿದ್ದರು.

ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ. ಹೆಂಗಸರು ಅಡುಗೆಮನೆಗೆ ಹೋದರು. ಹೊರಗೆ ಚಾಪೆಯ ಮೇಲೆ ಗಂಡಸರ ನಡುವೆ ವೀಳ್ಯದ ತಟ್ಟೆ ಬಂತು. ಇಲ್ಲಿ ತಮಾಷೆ ಶುರುವಾದದ್ದು.

ಹೊಳೆಹೊನ್ನೂರಿನ ಪದ್ಧತಿಯಲ್ಲಿ ಹೆಣ್ಣಿನ ಮನೆಯವರು ಬರೀ ಎಲೆ ಅಡಿಕೆ ಇಟ್ಟ ತಟ್ಟೆಯನ್ನು ಗಂಡಿನ ಹಿರಿಯನ ಮುಂದೆ ಸರಿಸಬೇಕು. ಅವನು ತೆರವನ್ನು ಎಲೆಯ ಕೆಳಗಿಟ್ಟು ವಾಪಸು ಸರಿಸಬೇಕು. ಶಿವಮೊಗ್ಗದ ಹೊಸ ಪದ್ಧತಿಯಲ್ಲಿ ಹೆಣ್ಣಿನವರು ಎಲೆಯ ಕೆಳಗೆ ಹಣವಿಟ್ಟೇ ತಟ್ಟೆ ತರುತ್ತಾರೆ. ಗಂಡಿನ ಹಿರಿಯ ಎಲೆ ತೆಗೆದುಕೊಳ್ಳುವ ನೆಪದಲ್ಲಿ ನೋಡಿಕೊಳ್ಳುತ್ತಾನೆ. ಎರಡೂ ಕಡೆ ಒಂದು ನಿಯಮ ಮಾತ್ರ ಒಂದೇ, ಯಾರೂ ಬಾಯಿಬಿಟ್ಟು ಕೇಳಬಾರದು. ಕೇಳಿದರೆ ಮರ್ಯಾದೆ ಹೋಯಿತು.

ಅಪ್ಪ ಅಜ್ಜಿ ಹೇಳಿಕೊಟ್ಟಂತೆ ತಟ್ಟೆಯನ್ನು ಮಾವನ ಮುಂದೆ ಸರಿಸಿದ. ಮಾವ ಮುಗುಳ್ನಕ್ಕು ಒಂದು ಎಲೆ ತೆಗೆದ. ಕೆಳಗೆ ನೋಡಿದ. ಇನ್ನೊಂದು ಎಲೆ ತೆಗೆದ. ಆಮೇಲೆ ಎರಡೂ ಎಲೆಯನ್ನು ಇದ್ದಲ್ಲೇ ಇಟ್ಟು ತಟ್ಟೆಯನ್ನು ಬಹಳ ವಿನಯದಿಂದ ಅಪ್ಪನ ಕಡೆ ತಳ್ಳಿದ. ಅಪ್ಪನಿಗೆ ತೆರ ಬಂತೇನೋ ಎಂದು ಖುಷಿ. ಬಗ್ಗಿ ನೋಡಿದ. ಮುಖ ಹುಳ್ಳಗಾಯಿತು. ತಟ್ಟೆ ಮತ್ತೆ ಆ ಕಡೆ ಹೋಯಿತು. "ತಗೊಳ್ಳಿ, ತಗೊಳ್ಳಿ" ಎಂದ ಅಪ್ಪ. "ಛೆ ಛೆ, ಮೊದಲು ನೀವು" ಎಂದ ಮಾವ. ಉಪ್ಪಿಟ್ಟು ಮುಗಿಯಿತು. ಕಾಫಿ ಎರಡನೆಯ ಸಲ ಬಂತು. ಮಳೆ ಬೆಳೆಯ ಮಾತು ಮುಗಿದು ಕಾರ್ಖಾನೆಗೆ ಬರುವ ಇದ್ದಿಲಿನ ಮಾತು ಬಂತು. ತಟ್ಟೆ ಮಾತ್ರ ಚಾಪೆಯ ಮೇಲೆ ಆಚೆ ಈಚೆ ಹೋಗುತ್ತಲೇ ಇತ್ತು. ಹುಡುಗ ಅದನ್ನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದ. ಅಪ್ಪನಿಗೆ ಎರಡು ಪದ್ಧತಿಯೂ ಗೊತ್ತಿತ್ತು, ಆದರೂ ತಟ್ಟೆ ಓಡಾಡುತ್ತಿರುವಷ್ಟು ಹೊತ್ತು ಸಂಬಂಧ ಮುರಿಯುವುದಿಲ್ಲವೆಂಬ ಒಂದು ಆಸೆ ಅವನಿಗೆ.

ಅಡುಗೆಮನೆಯಲ್ಲಿ ಹೆಂಗಸರು ಇಷ್ಟು ನಾಜೂಕಿನವರಲ್ಲ. ನಿಂಗಮ್ಮ ಕಾಲು ಚಾಚಿ ಗೋಡೆಗೆ ಒರಗಿ ಕೂತು ನೇರವಾಗಿ ವಿಷಯಕ್ಕೆ ಬಂದಳು.

"ನನ್ ಮೊಣಕಾಲು ಹೋಗಿದೆ ತಾಯಿ. ನಮ್ ಅಣ್ಣ ಹೊರಗೆ ಏನು ಕೇಳ್ತಾನೋ ನಂಗೊತ್ತಿಲ್ಲ. ನಂಗೆ ಬೇಕಾಗಿರೋದು ಒಲೆ ಮುಂದೆ ಕೂರೋ ಒಬ್ಬಳು."

"ಅಂದ್ರೆ ನಿಮಗೆ ಕೈ ಬೇಕು," ಎಂದಳು ಅಜ್ಜಿ. "ಕೈಗೆ ನಮ್ ಕಡೆ ತೆರ ಇದೆ."

"ಇರಬಹುದು ಅಜ್ಜೀ. ನಮ್ ಕಡೆ ಹುಡುಗನ ಸಂಬಳಕ್ಕೂ ಒಂದು ದರ ಇದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಆ ನಗೆಯಲ್ಲಿ ಪರಸ್ಪರ ಮೆಚ್ಚುಗೆಯಿತ್ತು. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ಸಂಬಂಧ ಕೈಬಿಡುವುದೂ ಬೇಡ, ಮಗಳು ಹೋದರೆ ಮನೆ ನಡೆಯುವುದೂ ಇಲ್ಲ. ಅವಳು ಸೆರಗಿನ ತುದಿಯನ್ನು ಹಿಂಡುತ್ತಾ ಮೆಲ್ಲಗೆ, "ಅವಳು ಹೋದ್ರೆ ನಂಗೆ ಕೈ ಮುರಿದ ಹಾಗೆ ಆಗುತ್ತೆ. ಮುಂದೆ ಏನಾದ್ರೂ ಆದಾಗ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಮುಂದೆ ಏನಾದರೂ ಎಂದರೆ ಮುಂದಿನ ಮಗು.

ನಿಂಗಮ್ಮ ಒಳ್ಳೆಯ ಹೆಂಗಸು. ಕೂಡಲೇ, "ಅಯ್ಯೋ, ಅದಕ್ಯಾಕೆ ಯೋಚನೆ ಮಾಡ್ತೀರಿ? ರೈಲು ಇದೆ. ನಿಮ್ ಬಾಣಂತನ ಬಂದಾಗಲೆಲ್ಲ ಮೂರು ತಿಂಗಳು ಕಳಿಸಿಕೊಡ್ತೀನಿ. ಉಳಿದಾಗ ಈ ಪುಟ್ಟಿ ಇದಾಳಲ್ಲ," ಎಂದು ನನ್ನನ್ನು ತೋರಿಸಿದಳು.

ಅಮ್ಮನ ಮುಖಕ್ಕೆ ಜೀವ ಬಂತು. ಅಜ್ಜಿ ತಲೆಯಾಡಿಸಿದಳು. ನನ್ನ ಮಿಡ್ಲ್ ಸ್ಕೂಲು ಅಲ್ಲೇ ಒಲೆಗೆ ಬಿದ್ದು ಸುಟ್ಟುಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಒಲೆ ಊದುತ್ತಿದ್ದ ಅಕ್ಕ ಊದುಗೊಳವೆ ಕೆಳಗಿಟ್ಟಳು.

"ನಾನು ಬರಲ್ಲ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. "ಎಲ್ಲಿಗೆ ಬರಲ್ವೇ? ಶಿವಮೊಗ್ಗಕ್ಕಾ?" ಎಂದಳು ಅಜ್ಜಿ.

"ಶಿವಮೊಗ್ಗಕ್ಕೆ ಹೋಗ್ತೀನಿ. ಇಲ್ಲಿಗೆ ಬಾಣಂತನ ಮಾಡೋಕೆ ಬರಲ್ಲ. ಪುಟ್ಟೀನೂ ಮಾಡಲ್ಲ. ಅವಳು ಸ್ಕೂಲಿಗೆ ಹೋಗಬೇಕು." ಅವಳು ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಬೆಂಕಿ ನೋಡುತ್ತಿದ್ದಳು. "ಅಜ್ಜೀ, ನನ್ ಕೈಗೆ ತೆರ ಇದೆ ಅಂತ ನೀನೇ ಹೇಳ್ತೀಯಲ್ಲ. ಅದನ್ನ ನಂಗೇ ಕೊಡಿಸು. ದುಡ್ಡು ಬೇಡ. ಅಮ್ಮಂಗೆ ಇನ್ನು ಮಕ್ಕಳು ಬೇಡ. ಹೋದ ಸಲ ಮೂರು ದಿನ ಅವಳಿಗೆ ಪ್ರಜ್ಞೆ ಇರಲಿಲ್ಲ. ಇನ್ನೊಂದಾದ್ರೆ ಅವಳು ಉಳಿಯಲ್ಲ. ಅಪ್ಪಂಗೆ ಹೇಳು."

ಹದಿನೇಳು ವರ್ಷದ ಹುಡುಗಿ, ಅತ್ತೆಯಾಗಲಿರುವವಳ ಎದುರಿಗೆ, ತಂದೆ ತಾಯಿಯ ವಿಷಯದಲ್ಲಿ ಇಂಥ ಮಾತು! ನಮ್ಮ ಕಾಲದಲ್ಲಿ ಇದನ್ನು ಯೋಚಿಸುವುದೇ ತಪ್ಪು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಎಲ್ಲರೂ ನಿಂಗಮ್ಮನನ್ನು ನೋಡುತ್ತಿದ್ದರು. ಅವಳು ಗೋಡೆ ಹಿಡಿದು ಎದ್ದರೆ ಮದುವೆ ಅಲ್ಲಿಗೆ ಮುಗಿಯಿತು. ಅಕ್ಕನಿಗೂ ಅದು ಗೊತ್ತಿತ್ತು. ಆದರೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ನಿಂಗಮ್ಮ ತನ್ನ ಮೊಣಕಾಲನ್ನು ಉಜ್ಜಿಕೊಂಡಳು.

"ನಾನೂ ಹೆತ್ತಿದೀನಿ," ಎಂದಳು. "ಬಹಳ ಹೆತ್ತೆ. ಉಳಿದಿದ್ದು ಹೊರಗೆ ಕೂತಿದಾನಲ್ಲ, ಅವನೊಬ್ಬನೇ. ನನ್ ಪರವಾಗಿ ಹಿಂಗೆ ಕೇಳೋರು ಯಾರೂ ಇರಲಿಲ್ಲ." ಆಮೇಲೆ ಅಜ್ಜಿಯ ಕಡೆ ತಿರುಗಿ, "ಹೋಗಿ ಕೇಳಿ ಬನ್ನಿ ಅಜ್ಜೀ. ನಾನು ಕೂತಿರ್ತೀನಿ," ಎಂದಳು.

ಅಜ್ಜಿ ಅಪ್ಪನನ್ನು ಹಿತ್ತಿಲಿಗೆ ಕರೆದಳು. ಶಂಕ್ರ ಆಗ ನನ್ನ ಸೊಂಟದಲ್ಲಿದ್ದ, ನಾನು ಒಗೆಯುವ ಕಲ್ಲಿನ ಹತ್ತಿರ ಅವನಿಗೆ ಕಾಗೆ ತೋರಿಸುತ್ತಿದ್ದೆ. ನನ್ನ ಸಾಕ್ಷಿಯನ್ನು ನಂಬಿ, ಕಾಗೆಯನ್ನು ನಾನು ನೋಡುತ್ತಿರಲಿಲ್ಲ.

"ತೆರದ ಮಾತೇನಾಯ್ತು ಅವ್ವಾ? ಆ ಮನುಷ್ಯ ಒಂದು ಕಾಸೂ ಇಡ್ತಾ ಇಲ್ಲ," ಎಂದ ಅಪ್ಪ.

"ತೆರ ಕೊಡಬೇಕಾಗಿರೋನು ಅವನಲ್ಲ ಕಣೋ. ನೀನು."

"ನಾನಾ? ಯಾರಿಗೆ?"

"ನಿನ್ ಮಗಳಿಗೆ," ಎಂದು ಅಜ್ಜಿ ಅಕ್ಕ ಹೇಳಿದ್ದನ್ನು ಹೇಳಿದಳು. ಹೇಗೆ ಹೇಳಿದಳೋ, ತಾಯಿ ಮಗನಿಗೆ ಹೇಳುವ ಮಾತಲ್ಲ ಅದು. ದನಿ ತಗ್ಗಿಸಿದ್ದರಿಂದ ನನಗೆ ಪೂರ್ತಿ ಕೇಳಿಸಲಿಲ್ಲ. ಕೊನೆಯ ಮಾತು ಮಾತ್ರ ಕೇಳಿಸಿತು. "ಮಕ್ಕಳು ಬೇಕು ಬೇಕು ಅಂತ ಕುಣಿದೋಳು ನಾನೇ. ಊರಿನ ಲೆಕ್ಕ ಈ ಮನೇಲಿ ಹಾಕಿದೆ. ಆ ಹುಡುಗಿ ಮೈಮೇಲೆ ಹಾಕಿದೆ. ನಿನಗೆ ಹೆಂಡ್ತಿ ಬೇಕೋ, ಇನ್ನೊಂದು ತೊಟ್ಟಿಲು ಬೇಕೋ, ನೀನೇ ಹೇಳು."

ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತ. ಕಲ್ಲು ಒದ್ದೆಯಿತ್ತು, ಹೊಸ ಪಂಚೆ ಒದ್ದೆಯಾಯಿತು, ಅವನಿಗೆ ಗೊತ್ತಾಗಲಿಲ್ಲ. ಕಿವಿ ಕೆಂಪಾಗಿತ್ತು. ಮಗಳ ಬಾಯಿಂದ ಬಂದ ಮಾತೆಂದು ನಾಚಿಕೆಯೋ, ಹೋದ ಸಲದ ಮೂರು ದಿನ ನೆನಪಾಯಿತೋ. ಆ ಮೂರು ದಿನ ಅವನು ಕೆಲಸಕ್ಕೆ ಹೋಗದೆ ಜಗುಲಿಯ ಕಂಬ ಹಿಡಿದು ಕೂತಿದ್ದನ್ನು ನಾನು ನೋಡಿದ್ದೆ. ಶಂಕ್ರ ಅವನನ್ನು ಕಂಡು ಕೈಚಾಚಿದ. ಅಪ್ಪ ನನ್ನ ಸೊಂಟದಿಂದ ಅವನನ್ನು ಎತ್ತಿಕೊಂಡ. ಗಂಡಸರು ಹಾಗೆ ಮಗು ಎತ್ತಿಕೊಳ್ಳುವ ರೂಢಿ ಇರಲಿಲ್ಲ, ಹಾಗಾಗಿ ಅಕ್ಕಿ ಮೂಟೆ ಹಿಡಿದ ಹಾಗೆ ಹಿಡಿದುಕೊಂಡ.

"ಆಯ್ತು ಅಂತ ಹೇಳು," ಎಂದ.

"ಬಾಯಿಮಾತಿನ ಆಯ್ತಾ?"

"ಅವ್ವಾ, ಆಯ್ತು ಅಂದೆನಲ್ಲ."

ಅಜ್ಜಿ ಅಡುಗೆಮನೆಗೆ ಸುದ್ದಿ ಒಯ್ದಳು. ಅಪ್ಪ ಶಂಕ್ರನನ್ನು ನನಗೆ ಕೊಟ್ಟು ಒಳಗೆ ಬಂದು ಚಾಪೆಯ ಮೇಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮಾವನ ಕೈಗೇ ಕೊಟ್ಟ. "ಇದರಲ್ಲಿ ಎಲೆ ಅಡಿಕೆ ಮಾತ್ರ ಇದೆ ಬೀಗರೇ. ಕೊಡೋದನ್ನ ಒಳಗೆ ಕೊಟ್ಟಾಯ್ತು," ಎಂದ. ಮಾವ ಗಾಬರಿಯಿಂದ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಗೋಡೆ ಹಿಡಿದು ನಿಂತಿದ್ದ ನಿಂಗಮ್ಮ, "ಬಂತು ಅಣ್ಣಾ, ಬಂತು. ನೀನು ಎಲೆ ಹಾಕ್ಕೋ," ಎಂದಳು. ಮಾವ ನೆಮ್ಮದಿಯಿಂದ ಎಲೆ ಹಾಕಿಕೊಂಡ. ಪಾಪ, ಸಾಯುವವರೆಗೂ ತನ್ನ ತಂಗಿ ಭದ್ರಾವತಿಯಿಂದ ಭಾರಿ ವರದಕ್ಷಿಣೆ ತಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಾಳೆ ಎಂದೇ ನಂಬಿದ್ದ. ಇತ್ತ ನಮ್ಮ ಅಜ್ಜಿ ಹೊಳೆಹೊನ್ನೂರಿಗೆ ಹೋಗಿ, ನಮ್ಮ ಹುಡುಗಿ ತೆರ ತಗೊಂಡೇ ಮದುವೆಯಾದಳು, ಪೇಟೆಯಲ್ಲಿ ಈಗ ಯಾರಿಗೂ ಸಿಗದಂಥ ತೆರ, ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು. ನಿಂಗಮ್ಮನಾಗಲಿ ಅಜ್ಜಿಯಾಗಲಿ ಸುಳ್ಳು ಹೇಳಲಿಲ್ಲ ನೋಡಿ.

ಮದುವೆಯಾಗಿ ಅಕ್ಕ ಶಿವಮೊಗ್ಗಕ್ಕೆ ಹೋದಳು. ಅದೇ ವಾರ ಅಪ್ಪನ ಹಾಸಿಗೆ ಜಗುಲಿಗೆ ಬಂತು. ಸೆಕೆ ಎಂದ. ಬೇಸಿಗೆಯಲ್ಲಿ ಸರಿ. ಮಳೆಗಾಲದಲ್ಲಿ ಎರಚಲು ಹೊಡೆಯುವಾಗಲೂ ಗೋಣಿತಾಟು ಕಟ್ಟಿಕೊಂಡು ಅಲ್ಲೇ ಮಲಗಿದ. ಚಳಿಗಾಲದಲ್ಲಿ ಕಂಬಳಿಯ ಮೇಲೆ ಕಂಬಳಿ ಹೊದ್ದು ಹಲ್ಲು ಕಡಿಯುತ್ತಾ ಮಲಗಿದ, ಆಗಲೂ ಕೇಳಿದರೆ ಸೆಕೆಯೇ. ಕಣ್ಣಮ್ಮ ಒಮ್ಮೆ, "ನಿಮ್ ಯಜಮಾನ್ರಿಗೆ ಏನಾದ್ರೂ ಕೋಪವಾ?" ಎಂದು ಅಮ್ಮನನ್ನು ಕೇಳಿದಳಂತೆ. ಅಮ್ಮ ಕೆಂಪಾಗಿ, "ಇಲ್ಲ, ಇದು ಪ್ರೀತಿ," ಎಂದಳಂತೆ. ಇದನ್ನು ಕಣ್ಣಮ್ಮನೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು. ನನ್ನ ಅಪ್ಪ ದೊಡ್ಡ ಮನುಷ್ಯನೇನಲ್ಲ, ತಾಯಿಗೆ ಹೆದರುತ್ತಿದ್ದ, ಮೇಲಿನವರಿಗೆ ಹೆದರುತ್ತಿದ್ದ. ಆದರೆ ಕೊಟ್ಟ ಮಾತಿಗೆ ಆ ಜಗುಲಿಯ ಚಳಿಯಲ್ಲಿ ನಡುಗಿದ್ದನ್ನು ನೆನೆದರೆ ನನಗೆ ಈಗಲೂ ಅವನ ಮೇಲೆ ಅಕ್ಕರೆ ಉಕ್ಕುತ್ತದೆ.

ಶಂಕ್ರನೇ ಕೊನೆಯವನಾದ. ಅಮ್ಮನ ಕೆನ್ನೆ ತುಂಬಿಕೊಂಡಿತು. ಮಧ್ಯಾಹ್ನ ಕಣ್ಣಮ್ಮನ ಜೊತೆ ಕೂತು ಹೂ ಕಟ್ಟುವಷ್ಟು ಬಿಡುವಾಯಿತು. ಅಪ್ಪ ಶಂಕ್ರನನ್ನು ಎತ್ತಿಕೊಳ್ಳುವುದನ್ನು ನಿಧಾನವಾಗಿ ಕಲಿತ. ನಾನು ಮಿಡ್ಲ್ ಸ್ಕೂಲಿಗೆ ಹೋದೆ. ನಮ್ಮ ಸಾಲುಮನೆಗಳಿಂದ ಹೋದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು.

ಕೆಲವು ವರ್ಷ ಕಳೆದು ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಿಂಗಮ್ಮನೇ ರೈಲು ಹತ್ತಿಸಿ ಕಳಿಸಿದ್ದಳು, ಅವಸರ ಮಾಡಬೇಡ, ಪೂರ್ತಿ ಚೇತರಿಸಿಕೊಂಡೇ ಬಾ ಎಂದು. ಹೆಣ್ಣುಮಗು ಹುಟ್ಟಿತು. ಹದಿನೈದು ದಿನ ಕಳೆದಿರಬೇಕು, ನನ್ನ ಪರೀಕ್ಷೆಯ ಫಲಿತಾಂಶ ಬಂದ ದಿನ ಅದು. ನಾನು ಪಾಸಾಗಿದ್ದೆ. ಸ್ಕೂಲಿನಿಂದ ಓಡುತ್ತಾ ಬಂದೆ, ಕೂಗಿ ಹೇಳಬೇಕೆಂದು ಉಸಿರು ಬಿಗಿಹಿಡಿದು ಬಾಗಿಲಿಗೆ ಬಂದೆ.

ಒಳಗೆ ಕೂಸು ಅಳುತ್ತಿತ್ತು. ಅಕ್ಕ ಹಾಸಿಗೆಯಿಂದ ಏಳುತ್ತಿದ್ದಳು. ಅಮ್ಮ ಅಡುಗೆಮನೆಯಿಂದ ಬಂದು ಅವಳ ಭುಜ ಹಿಡಿದು ಕೆಳಕ್ಕೆ ಒತ್ತಿ, ಕೂಸನ್ನು ತನ್ನ ಎದೆಗೆ ಎತ್ತಿಕೊಂಡಳು.

"ಮಲಕ್ಕೋ ಗೌರೀ. ನಾನಿದೀನಿ."

"ಇಲ್ಲಮ್ಮ, ನಿದ್ದೆ ಬರಲ್ಲ ನಂಗೆ ಹಗಲು ಹೊತ್ತು."

"ಬರುತ್ತೆ. ಸುಮ್ನೆ ಮಲಕ್ಕೋ."

ಅಕ್ಕ ಮಲಗಿದಳು. ಅಮ್ಮ ಹೊದಿಕೆ ಎಳೆದು ಹೊದಿಸುವಷ್ಟರಲ್ಲಿ ನಿದ್ದೆ ಬಂದಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣ ಹುಡುಗಿಯಂತೆ ಕಾಣುತ್ತಿದ್ದಳು. ನಾನು ಪಾಸಾದದ್ದನ್ನು ಹೇಳಲು ಬಾಯಿ ತೆರೆದೆ. ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ನನಗಲ್ಲ," ಎಂದಳು ಪಿಸುದನಿಯಲ್ಲಿ. "ಅವಳಿಗೆ. ಎದ್ದ ಮೇಲೆ ಅವಳಿಗೇ ಮೊದಲು ಹೇಳು."

ನಾನು ಚೀಲ ಕೆಳಗಿಟ್ಟು ಅಕ್ಕನ ತಲೆಯ ಹತ್ತಿರ ಕೂತೆ. ಅವಳು ಸಂಜೆಯವರೆಗೂ ಏಳಲಿಲ್ಲ. ನಾನೂ ಏಳಲಿಲ್ಲ.